ಏಳನೆಯ ಕಂತು

ನನ್ನ ಎಡಗಿವಿ, ಮುತ್ತನ ಬಲಗಿವಿ ಲಂಡನ್ನಿಗೆ;
ಉಳಿದೆರಡು ಆನೆಗೆ.
ಮಾಲ್ದಾರೆಯ ಅಂಚಿನ ಈ ಅಟ್ಟಣೆಯಲ್ಲಿ
ಹುತ್ತರಿ ಕಳೆದರೂ ಕೊಯ್ಲಾಗದ ಎರಡೆಕರೆ ಗದ್ದೆಗೆ
ನಾವಿಬ್ಬರು ಕಾವಲು,
ಒಂದು ತಗಡಿನ ಡಬ್ಬ, ಒಂದು ಟಾರ್ಚು, ಆರು ಪಟಾಕಿ.

ಸಿದ್ದಾಪುರದ ಶಿಹಾಬನ ಅಂಗಡಿಯಲ್ಲಿ
ಹಳೇ ಹಾಡು ತುಂಬಿಸಿಕೊಡು ಎಂದಿದ್ದೆ.
ಹಾಡು ನಲವತ್ತು ಬಂದವು, ಜೊತೆಗೆ
ಯಾರದೋ ಕಾರ್ಡಿನಿಂದ ಜಾರಿ ಬಿದ್ದ ಈ ನಾಟಕ:
ಕಣ್ಣಿಗೆ ಏನೂ ಇಲ್ಲ, ಬರೀ ಕಿವಿಗೆ,
ಹನ್ನೊಂದು ಕಂತು, ಏಳನೆಯದು ಇಲ್ಲ.

ರಾಣಿಯ ಕಾಲ. ಗ್ಯಾಸ್ ದೀಪ. ನಮ್ಮಲ್ಲಿಯಂಥದೇ ಮಂಜು,
ಆದರೆ ಕಲ್ಲಿದ್ದಲಿನ ವಾಸನೆಯದಂತೆ.
ಪ್ರೊಫೆಸರ್ ಥಾರ್ನಬಿ ಹಿತ್ತಾಳೆಯ ಯಂತ್ರ ಕಟ್ಟಿದ್ದಾನೆ,
ಉಗಿಯಿಂದ ಓಡುತ್ತದೆ, ಆಡಿ ಮುಗಿದ ಮಾತನ್ನು
ಗೋಡೆಯಿಂದ ಮತ್ತೆ ಹೀರಿ ಕೇಳಿಸುತ್ತದೆ.
ಒಂದು ರಾತ್ರಿ ಅದಕ್ಕೆ ಸಿಕ್ಕಿದ್ದು ಮಾತಲ್ಲ,
ಹೆಜ್ಜೆ. ಈ ಭೂಮಿಯದಲ್ಲದ್ದು.

ಇಪ್ಪತ್ತು ವರ್ಷ ಎಸ್ಟೇಟ್ ರೈಟರ್ ಆಗಿದ್ದವನ ಇಂಗ್ಲಿಷು ನನ್ನದು:
ಹಾಜರಿ ಪುಸ್ತಕ, ಗೊಬ್ಬರದ ಲೆಕ್ಕ, ರಜೆಯ ಅರ್ಜಿ.
ಅಷ್ಟರಲ್ಲೇ ಮುತ್ತನಿಗೆ ಕನ್ನಡ ಮಾಡಿ ಹೇಳುತ್ತೇನೆ.
ಅವನಿಗೆ ಮಾತು ಬೇಡ. ಅವನ ಕಡೆಯ ತುದಿಯಲ್ಲಿ
ಬಾಗಿಲು, ಮಳೆ, ಕುದುರೆ, ಗಾಜು;
ನನ್ನ ತುದಿಯಲ್ಲಿ ಬರೀ ಪ್ರೊಫೆಸರನ ಕೆಮ್ಮು.
ಅರ್ಧರ್ಧ ಕಥೆ ಇಟ್ಟುಕೊಂಡು ತಂತಿಯಷ್ಟೇ ದೂರ ಕೂತಿದ್ದೇವೆ.

ಆ ಹೆಜ್ಜೆ ಬಂದಾಗ ಮುತ್ತ ನಕ್ಕುಬಿಟ್ಟ.
'ಒದ್ದೆ ಗೋಣಿಚೀಲ ಸಿಮೆಂಟಿಗೆ ಬಡಿದದ್ದು ಇದು.
ದೊಡ್ಡದು ನಡೆದರೆ ಸದ್ದಾಗೋದಿಲ್ಲ, ಕುಶಾಲಣ್ಣ.
ಲಂಡನ್ನಿನವರಿಗೆ ಯಾರೂ ಹೇಳಿಲ್ಲವಾ?'

ನಮ್ಮವನೂ ಒಬ್ಬನಿದ್ದಾನೆ ಅಲ್ಲಿ. ರಾಮ್ ಅಂತ.
ಯಾವ ಊರಿನದೂ ಅಲ್ಲದ ರಾಗದಲ್ಲಿ
'ಗಾಡಿ ತಯಾರಿದೆ, ಸಾಹೇಬ್' ಅನ್ನುತ್ತಾನೆ.
ಹತ್ತು ಕಂತಿಗೆ ಅದೊಂದೇ ಮಾತು.
ಆರನೆಯದರ ಕೊನೆಗೆ ಯಾರೋ ಬಾಗಿಲು ತಟ್ಟಿದರು.
ಎಂಟನೆಯದರ ಮೊದಲಿಗೆ ಪ್ರೊಫೆಸರನಿಗೆ ಎಡಗೈ ಇಲ್ಲ,
ರಾಮನ ಸುದ್ದಿಯೇ ಇಲ್ಲ.

ಏಳನೆಯದನ್ನು ನಾವೇ ಕಟ್ಟಬೇಕಾಯಿತು.
ಒಂದು ರಾತ್ರಿ ಕೈಯನ್ನು ಯಂತ್ರ ನುಂಗಿತು,
ಇನ್ನೊಂದು ರಾತ್ರಿ ಸಾಲಕ್ಕೆ ಅಡವಿಟ್ಟ,
ಮೊನ್ನೆ ಮುತ್ತ ರಾಮನಿಗೆ ಹೆಂಡತಿ ಕೊಟ್ಟ, ಎರಡು ನಾಯಿ ಕೊಟ್ಟ,
ನಾಯಿ ಬೊಗಳಿದ್ದನ್ನೂ ತಾನೇ ಬೊಗಳಿ ತೋರಿಸಿದ.
ಪಕ್ಕದ ತೋಟದ ಕಾವಲಿನವರು
ಟಾರ್ಚು ಬಿಟ್ಟು ವಿಚಾರಿಸಿದರು.

ನಿನ್ನೆ, ಆರನೆಯದು ಮತ್ತೆ ಹಾಕಿಕೊಂಡಿದ್ದಾಗ,
ಬಾಗಿಲು ತಟ್ಟುವ ಹೊತ್ತಿಗೆ
ಗದ್ದೆಯ ಕಪ್ಪೆಗಳೆಲ್ಲ ಒಟ್ಟಿಗೆ ನಿಂತವು.
ಅಷ್ಟೇ. ಸದ್ದಿಲ್ಲ.
ಸದ್ದಿಲ್ಲದ್ದು ನಮ್ಮ ಕಡೆಗೇ ದಪ್ಪವಾಗುತ್ತಾ ಬಂತು.
ತಂತಿಬೇಲಿ ಯಾವಾಗ ದಾಟಿತೋ!
ಕಾಫಿ ಗಿಡದಿಂದ ಕೆಂಪು ಹಣ್ಣು ಸವರಿಕೊಳ್ಳುವ ಸಪ್ಪಳ ಮಾತ್ರ,
ಆಮೇಲೆ ನೆಲದೊಳಗಿಂದ ಎದ್ದಂತೆ ಒಂದು ಗುಡುಗುಡು,
ಕಿವಿಗಿಂತ ಮೊದಲು ಅಟ್ಟಣೆಯ ಬಿದಿರಿಗೆ ತಿಳಿದದ್ದು.

ಮಡಿಲಲ್ಲಿ ಬಿದ್ದಿದ್ದ ಇಯರ್‌ಫೋನಿನಲ್ಲಿ
ಒಂದು ಇಡೀ ಲಂಡನ್ನು ಮಿಡತೆಯಷ್ಟಾಗಿ ಕಿರುಗುಡುತ್ತಿತ್ತು.
ಆನೆ ತಿನ್ನುವುದನ್ನು ನಿಲ್ಲಿಸಿತು.
ಎಡಗಿವಿ ಅರಳಿಸಿತು.
ಡಬ್ಬ ಬಡಿಯಬೇಕಿತ್ತು ನಾವು.
ಮುತ್ತನ ಕೈ ಡಬ್ಬದ ಮೇಲೆ ಇತ್ತು, ಇದ್ದೇ ಇತ್ತು.

ಎಷ್ಟು ಹೊತ್ತೋ. ಕಪ್ಪೆ ಒಂದು ಶುರುಮಾಡಿತು, ಇನ್ನೊಂದು,
ಗದ್ದೆಯ ನಡುವೆ ಮಲಗಿದ ಪೈರಿನ ಅಗಲ ದಾರಿ.
'ಕೈ ಹೋದದ್ದು ಹೀಗೆ,' ಅಂದ ಮುತ್ತ, ಉಸಿರಿನಷ್ಟೇ ಮೆಲ್ಲಗೆ.
'ಬಾಗಿಲು ತೆಗೆದಿದ್ದಾನೆ. ಮುಟ್ಟಲು ಹೋಗಿದ್ದಾನೆ.
ಬೇಡ ಸಾಹೇಬ್ ಅಂದಿರುತ್ತಾನೆ ರಾಮ.
ಅದು ಅವನ ಎರಡನೆಯ ಮಾತು.'

ಬೆಳಿಗ್ಗೆ ಗದ್ದೆಯ ಯಜಮಾನರು ಬಂದು
ಬದುವಿನ ಮೇಲೆ ನಿಂತು ಎಣಿಸಿದರು:
ಎಂಟು ಕಟ್ಟಿನಷ್ಟು ಭತ್ತ, ಮೂರು ಕಾಫಿ ಗಿಡ.
ರಾತ್ರಿ ಎಲ್ಲಿದ್ದಿರಿ ಇಬ್ಬರೂ?
ನಾನು ಮುತ್ತನ ಮುಖ ನೋಡಿದೆ.
ಅವನು ಆಗಲೇ ತಂತಿ ಸುತ್ತಿ ಕಿಸೆಗೆ ಹಾಕಿಕೊಂಡು,
ಯಾವ ಊರಿನದೂ ಅಲ್ಲದ ರಾಗದಲ್ಲಿ,
ಗಾಡಿ ತಯಾರಿದೆ ಎಂದ.